ಎರಡಾಣೆಯ ಲೆಕ್ಕ

ರೂಪಾಯಿಗೆ 16 ಆಣೆ ಇದ್ದ ಕಾಲದ ಒಂದು ಲೆಕ್ಕ ಹಾಕಿ ನೋಡೋಣ. ಒಂದು ಮನೆಯವರು ದಿನಕ್ಕೆ 2 ಆಣೆ ಉಳಿಸಿದರೆ ತಿಂಗಳಿಗೆ 3 ರೂಪಾಯಿ 12 ಆಣೆ. ವರ್ಷಕ್ಕೆ 45 ರೂಪಾಯಿ 10 ಆಣೆ. ಅಂಥ ನೂರು ಮನೆಗಳು ಸೇರಿದರೆ ದಿನಕ್ಕೆ 12 ರೂಪಾಯಿ 8 ಆಣೆ, ತಿಂಗಳಿಗೆ 375 ರೂಪಾಯಿ. 1925ರಲ್ಲಿ ಉಡುಪಿಯಲ್ಲಿ ಶುರುವಾದ ಕೆನರಾ ಇಂಡಸ್ಟ್ರಿಯಲ್ ಅಂಡ್ ಬ್ಯಾಂಕಿಂಗ್ ಸಿಂಡಿಕೇಟ್ ಎಂಬ ಸಂಸ್ಥೆಯ ಮೂಲ ಬಂಡವಾಳ 8,000 ರೂಪಾಯಿ. ಅಂದರೆ ಬರೀ ನೂರು ಮನೆಗಳ ಎರಡಾಣೆ ಎರಡು ವರ್ಷ ತುಂಬುವುದರೊಳಗೆ ಒಂದು ಬ್ಯಾಂಕಿನ ಬಂಡವಾಳವನ್ನೇ ದಾಟಿಬಿಡುತ್ತದೆ.

ಈ ಲೆಕ್ಕ ಯಾರಿಗೂ ಕಷ್ಟದ್ದಲ್ಲ. ಮೂರನೇ ಕ್ಲಾಸಿನ ಹುಡುಗ ಮಾಡುತ್ತಾನೆ. ಆದರೆ ಆ ಎರಡಾಣೆಯನ್ನು ಕೇಳಿಕೊಂಡು ಮನೆಮನೆಗೆ ಹೋಗಬೇಕು, ದಿನವೂ ಹೋಗಬೇಕು, ಹೋಗುವವರಿಗೆ ಅದರಲ್ಲೇ ಸಂಪಾದನೆ ಹುಟ್ಟಬೇಕು ಎಂದು 1928ರಲ್ಲಿ ಯೋಚಿಸಿದವರು ಆ ಉಡುಪಿಯ ಬ್ಯಾಂಕಿನವರು. ಅದಕ್ಕೆ ಅವರು ಇಟ್ಟ ಹೆಸರು ಪಿಗ್ಮಿ. ಮುಂದೆ ಸಿಂಡಿಕೇಟ್ ಬ್ಯಾಂಕ್ ಎಂದು ಹೆಸರಾದ ಆ ಸಂಸ್ಥೆ ಈಗ ಇಲ್ಲ. ಪಿಗ್ಮಿ ಮಾತ್ರ ಇದೆ. ಕರ್ನಾಟಕದ ಯಾವ ಪೇಟೆಗೆ ಹೋದರೂ ಸಂಜೆ ಹೊತ್ತಿಗೆ ಹೆಗಲಿಗೊಂದು ಬ್ಯಾಗು ಹಾಕಿಕೊಂಡು ಅಂಗಡಿಯಿಂದ ಅಂಗಡಿಗೆ ನಡೆಯುವ ಒಬ್ಬರು ಸಿಕ್ಕೇ ಸಿಗುತ್ತಾರೆ.

ಉದ್ಯಮಶೀಲತೆ, ನಾಯಕತ್ವ ಎಂಬ ಮಾತುಗಳನ್ನು ಈಗ ನಾವು ಬೆಂಗಳೂರಿನ ನವೋದ್ಯಮಗಳ ಜೊತೆ ಜೋಡಿಸಿಯೇ ಕೇಳುತ್ತೇವೆ. ಯಾರು ಎಷ್ಟು ಕೋಟಿ ಬಂಡವಾಳ ಎತ್ತಿದರು, ಯಾವ ಕಂಪನಿಯ ಬೆಲೆ ಎಷ್ಟಾಯಿತು ಎಂಬುದು ಸುದ್ದಿ. ಅದರಲ್ಲಿ ತಪ್ಪೇನಿಲ್ಲ. ಆದರೆ ವ್ಯವಹಾರದ ಜಗತ್ತು ಬದಲಾಗುವಾಗ ಒಬ್ಬ ಉದ್ಯಮಿಯ ಮನಸ್ಸು ಹೇಗೆ ಕೆಲಸ ಮಾಡುತ್ತದೆ, ಎಲ್ಲಿ ಮುಗ್ಗರಿಸುತ್ತದೆ, ಯಾರನ್ನು ಮರೆಯುತ್ತದೆ ಎಂದು ತಿಳಿಯಬೇಕಾದರೆ ನೂರು ವರ್ಷದ ಹಿಂದಿನ ಕರಾವಳಿಯಷ್ಟು ಒಳ್ಳೆಯ ಪಾಠ ನನಗೆ ಬೇರೆಲ್ಲೂ ಕಂಡಿಲ್ಲ. ಅದರಲ್ಲಿ ಬೆಳಕೂ ಇದೆ, ನೋವೂ ಇದೆ. ಎರಡನ್ನೂ ಹೇಳಬೇಕು.

ಆಗ ದಕ್ಷಿಣ ಕನ್ನಡ ಮದ್ರಾಸ್ ಪ್ರೆಸಿಡೆನ್ಸಿಗೆ ಸೇರಿದ ಜಿಲ್ಲೆ. ರಾಜಧಾನಿ ದೂರ, ಒಂದು ಕಡೆ ಸಮುದ್ರ, ಇನ್ನೊಂದು ಕಡೆ ಘಟ್ಟ. ಭತ್ತ, ತೆಂಗು, ಅಡಿಕೆ, ಮೀನು, ಮಂಗಳೂರಿನ ಹೆಂಚು. ದೊಡ್ಡ ಕೈಗಾರಿಕೆ ಅಂತ ಹೇಳಿಕೊಳ್ಳುವುದಕ್ಕೆ ಹೆಚ್ಚೇನೂ ಇರಲಿಲ್ಲ. ಓದಿದ ಹುಡುಗರೂ ಓದದ ಹುಡುಗರೂ ಮುಂಬಯಿಗೋ ಮದ್ರಾಸಿಗೋ ಹೊರಡುತ್ತಿದ್ದರು. ಇಂಥ ಜಿಲ್ಲೆಯಲ್ಲಿ 1906ರ ಒಂದೇ ವರ್ಷ, ನಾಲ್ಕು ತಿಂಗಳ ಅಂತರದಲ್ಲಿ, ಎರಡು ಬ್ಯಾಂಕುಗಳು ಹುಟ್ಟಿದವು. ಮಾರ್ಚ್ 12ರಂದು ಉಡುಪಿಯಲ್ಲಿ ಹಾಜಿ ಅಬ್ದುಲ್ಲಾ ಸಾಹೇಬರು ಗೆಳೆಯರನ್ನು ಸೇರಿಸಿಕೊಂಡು 5,000 ರೂಪಾಯಿ ಬಂಡವಾಳದಲ್ಲಿ ಕಟ್ಟಿದ್ದು ಮುಂದೆ ಕಾರ್ಪೊರೇಷನ್ ಬ್ಯಾಂಕ್ ಆಯಿತು. ಮೊದಲ ದಿನ ಅಲ್ಲಿ ಸೇರಿದ ಹಣ 38 ರೂಪಾಯಿ 13 ಆಣೆ 2 ಪೈ. ಜುಲೈ 1ರಂದು ಮಂಗಳೂರಿನಲ್ಲಿ ವಕೀಲ ಅಮ್ಮೆಂಬಳ ಸುಬ್ಬರಾವ್ ಪೈಗಳು ಶುರು ಮಾಡಿದ ಹಿಂದೂ ಪರ್ಮನೆಂಟ್ ಫಂಡ್ ಮುಂದೆ ಕೆನರಾ ಬ್ಯಾಂಕ್ ಆಯಿತು. ಅದೇ ಅಕ್ಟೋಬರಿನಲ್ಲಿ ಮದ್ರಾಸಿನ ದೊಡ್ಡ ಬಿಳಿಯರ ಸಂಸ್ಥೆ ಅರ್ಬತ್‌ನಾಟ್ ಅಂಡ್ ಕಂಪನಿ ದಿವಾಳಿಯೆದ್ದು ಸಾವಿರಾರು ಜನರ ಉಳಿತಾಯ ಮುಳುಗಿಸಿತು. ದೊಡ್ಡವರ ಹತ್ತಿರ ಇಟ್ಟ ಹಣ ಭದ್ರ ಎಂಬ ನಂಬಿಕೆ ಒಡೆದ ಆ ಹೊತ್ತಿನಲ್ಲಿ, ಕಣ್ಣೆದುರಿಗೇ ಇರುವ, ಊರಲ್ಲೇ ಸಿಗುವ ಮನುಷ್ಯರ ಬ್ಯಾಂಕುಗಳು ಉಳಿದವು.

ಅಬ್ದುಲ್ಲಾ ಸಾಹೇಬರಿಗೆ ಆಗ 24ರ ಹರೆಯ. ಸುಬ್ಬರಾವ್ ಪೈಗಳಿಗೆ 53. ಒಬ್ಬರು ವ್ಯಾಪಾರಿ, ಇನ್ನೊಬ್ಬರು ಅದಾಗಲೇ ಶಾಲೆ ಕಟ್ಟಿದ್ದ ವಕೀಲರು. ಮಂಗಳೂರಿನ ಕೆನರಾ ಹೈಸ್ಕೂಲು 1891ರದು, ಹೆಣ್ಣುಮಕ್ಕಳ ಶಾಲೆ 1894ರದು. ಕೃಷ್ಣಮಠದ ಊರಿನಲ್ಲಿ ಒಬ್ಬ ಮುಸ್ಲಿಂ ಯುವಕ ಮುಂದೆ ನಿಂತು ಬ್ಯಾಂಕು ಕಟ್ಟಿದ್ದನ್ನೂ, ಅವರ ಜೊತೆ ಊರಿನ ಎಲ್ಲ ಮತದವರೂ ಕೈಜೋಡಿಸಿದ್ದನ್ನೂ ನಾನು ಈಗ ಒತ್ತಿ ಹೇಳಲೇಬೇಕು ಅನ್ನಿಸುತ್ತದೆ. ಕರಾವಳಿಯ ಬಗ್ಗೆ ಈಗ ಹೊರಗಿನವರು ಆಡುವ ಮಾತುಗಳಲ್ಲಿ ಈ ಅಧ್ಯಾಯ ಕಾಣುವುದಿಲ್ಲ. ಕರಾವಳಿಯವರೂ ಇದನ್ನು ಮರೆಯುತ್ತಿದ್ದೇವೆ.

ಆಮೇಲೆ ಬಂದವು 1924ರಲ್ಲಿ ಕರ್ಣಾಟಕ ಬ್ಯಾಂಕ್, 1925ರಲ್ಲಿ ಸಿಂಡಿಕೇಟ್, 1931ರಲ್ಲಿ ಎ.ಬಿ. ಶೆಟ್ಟಿಯವರ ಮುಂದಾಳತ್ವದಲ್ಲಿ ವಿಜಯಾ ಬ್ಯಾಂಕ್. ಇಷ್ಟು ಚಿಕ್ಕ ನೆಲದಲ್ಲಿ ಇಷ್ಟೊಂದು ಬ್ಯಾಂಕು ಯಾಕೆ ಎಂಬ ಪ್ರಶ್ನೆಗೆ ಒಂದೊಂದು ಸಮುದಾಯವೂ ತನ್ನವರಿಗಾಗಿ ಒಂದೊಂದು ಕಟ್ಟಿತು ಎಂಬ ಉತ್ತರ ಸಾಮಾನ್ಯ. ಅದು ನಿಜ, ಆದರೆ ಅರ್ಧ ನಿಜ. ತನ್ನವರಿಂದ ಹಣ ತಂದು ತನ್ನವರಿಗೇ ಸಾಲ ಕೊಡುವ ಬ್ಯಾಂಕು ಹತ್ತು ವರ್ಷಕ್ಕಿಂತ ಹೆಚ್ಚು ಬೆಳೆಯಲಾರದು. ಬೆಳೆದವೆಲ್ಲ ಆ ಗಡಿ ದಾಟಿದವು. ಹೇಗೆ ದಾಟಿದವು ಎಂಬುದಕ್ಕೆ ಸಿಂಡಿಕೇಟಿನ ಕಥೆಯೇ ಅತ್ಯಂತ ಸ್ಪಷ್ಟವಾದ ಉತ್ತರ.

ಅದನ್ನು ಕಟ್ಟಿದವರು ಮೂವರು. ಬಟ್ಟೆ ವ್ಯಾಪಾರದ ಉಪೇಂದ್ರ ಅನಂತ ಪೈ, ಅವರ ತಮ್ಮ ವೈದ್ಯ ಟಿ.ಎಂ.ಎ. ಪೈ, ಎಂಜಿನಿಯರ್ ವಾಮನ ಕುಡ್ವ. ಕೈಮಗ್ಗದ ಕಸುಬು ಕುಸಿದು ನೇಕಾರರು ಕಂಗೆಟ್ಟಿದ್ದ ಸಮಯ. ಅವರಿಗೆ ಹಣದ ನೆರವು ಕೊಡುವುದು ಸಂಸ್ಥೆಯ ಮೊದಲ ಉದ್ದೇಶಗಳಲ್ಲಿ ಒಂದು. ಹೆಸರಿನಲ್ಲಿ ಬ್ಯಾಂಕಿಂಗಿಗಿಂತ ಮೊದಲು ಇಂಡಸ್ಟ್ರಿಯಲ್ ಎಂದು ಇರುವುದು ಅದಕ್ಕೇ. ಬಟ್ಟೆ ಮಾರುವವರಿಗೆ ನೇಕಾರರ ಕಷ್ಟ ಕೇಳಿ ತಿಳಿಯಬೇಕಿರಲಿಲ್ಲ. ರೋಗಿಯ ಮನೆಯೊಳಗೆ ಹೋಗಿ ಬರುವ ಡಾಕ್ಟರಿಗೆ ಯಾವ ಮನೆಯಲ್ಲಿ ಅಕ್ಕಿ ಇದೆ, ಯಾವ ಮನೆಯಲ್ಲಿ ಇಲ್ಲ ಎಂಬುದು ಗೊತ್ತಿರುತ್ತದೆ. ಮೂವರಲ್ಲಿ ಯಾರೂ ಬ್ಯಾಂಕಿನ ಕೆಲಸ ಕಲಿತು ಬಂದವರಲ್ಲ ಎಂಬುದು ನನಗೆ ಮುಖ್ಯವಾಗಿ ಕಾಣುತ್ತದೆ. ಬ್ಯಾಂಕು ಎಂದರೆ ಹೀಗೇ ಇರಬೇಕು ಎಂಬ ಪೂರ್ವನಿರ್ಧಾರ ಅವರಿಗೆ ಇರಲಿಲ್ಲ. ಗ್ರಾಹಕರು ಯಾರು ಎಂಬುದು ಮಾತ್ರ ಚೆನ್ನಾಗಿ ಗೊತ್ತಿತ್ತು.

ಆ ಗ್ರಾಹಕರು ಎಂಥವರು? ಬೀಡಿ ಕಟ್ಟುವವರು, ಮೀನು ಮಾರುವ ಹೆಂಗಸರು, ಮಲ್ಲಿಗೆ ಕಟ್ಟಿ ಮಾರುವವರು, ಗೂಡಂಗಡಿಯವರು, ಹಾಲು ಕೊಡುವವರು. ಇವರ ಕೈಗೆ ಹಣ ಬರುವುದು ದಿನದ ಲೆಕ್ಕದಲ್ಲಿ. ಬಂದ ಹಣ ಸಂಜೆಯೊಳಗೆ ಅಕ್ಕಿ, ಎಣ್ಣೆ, ಮದ್ದು ಅಂತ ಹೋಗಿಬಿಡುತ್ತದೆ. ಬ್ಯಾಂಕಿನ ಪದ್ಧತಿಯೆಲ್ಲ ಹುಟ್ಟಿದ್ದು ತಿಂಗಳ ಸಂಬಳದವರಿಗಾಗಿ, ಇಲ್ಲವೇ ವರ್ಷಕ್ಕೊಂದು ಬೆಳೆ ಮಾರುವ ಧಣಿಗಳಿಗಾಗಿ. ಎರಡಾಣೆ ಹಿಡಿದುಕೊಂಡು ಕೌಂಟರಿನ ಎದುರು ನಿಲ್ಲಬೇಕಾದರೆ ಅರ್ಧ ದಿನದ ಕೆಲಸ ಬಿಡಬೇಕು. ಅರ್ಧ ದಿನದ ಕೂಲಿ ಎರಡಾಣೆಗಿಂತ ಹೆಚ್ಚು. ಹಾಗಾಗಿ ಬಡವರು ಉಳಿಸುವುದಿಲ್ಲ ಎಂದು ಎಲ್ಲರೂ ನಂಬಿದ್ದರು. ಅವರ ಉಳಿತಾಯಕ್ಕೆ ಅಡ್ಡಿಯಾಗಿದ್ದದ್ದು ಬಡತನಕ್ಕಿಂತ ಹೆಚ್ಚಾಗಿ ಬ್ಯಾಂಕಿನ ದೂರ ಮತ್ತು ಬ್ಯಾಂಕಿನ ಸಮಯ ಎಂದು ಕಂಡುಕೊಂಡದ್ದೇ ಈ ಇಡೀ ಕಥೆಯ ತಿರುಳು.

ಪಿಗ್ಮಿಯ ಒಳಗಿನ ಯಂತ್ರ ತೀರ ಸರಳ. ಏಜೆಂಟರು ಊರಿನವರೇ. ಅವರ ಹತ್ತಿರ ಒಂದು ಕಾರ್ಡು, ಒಂದು ರಸೀದಿ ಪುಸ್ತಕ. ಮನೆಯವರು ತಮಗೆ ಆದಷ್ಟು ಕೊಡುತ್ತಾರೆ, ಕಾರ್ಡಿನಲ್ಲಿ ಬರೆಸಿಕೊಳ್ಳುತ್ತಾರೆ. ಮದುವೆಯೋ ಮಳೆಗಾಲವೋ ಬಂದಾಗ ಸೇರಿದ್ದನ್ನು ತೆಗೆದುಕೊಳ್ಳುತ್ತಾರೆ. ಏಜೆಂಟರಿಗೆ ಸಂಬಳವಿಲ್ಲ, ತಂದ ಹಣದ ಮೇಲೆ ಇಷ್ಟು ಎಂದು ಕಮಿಷನ್. ಪಿಗ್ಮಿಗೆ ಬಡ್ಡಿ ನಿಶ್ಚಿತ ಠೇವಣಿಗಿಂತ ಕಡಿಮೆ. ಆ ವ್ಯತ್ಯಾಸದಿಂದ ಕಮಿಷನ್ನಿನ ಖರ್ಚು ಹೊರಡುತ್ತದೆ. ಹಾಗಾಗಿ ಕಟ್ಟಡ, ಕೌಂಟರು, ಗುಮಾಸ್ತರು ಯಾವುದೂ ಇಲ್ಲದ ಕಡೆಗೂ ಬ್ಯಾಂಕು ಹೋಗಬಹುದಾಯಿತು. ಸಾಲ ಕೊಡುವವರಿಗೆ ಇನ್ನೊಂದು ಅನುಕೂಲವೂ ಅದರಲ್ಲಿತ್ತು. ವರ್ಷಗಟ್ಟಲೆ ದಿನವೂ ಹಣ ಕಟ್ಟಿದವರ ಕಾರ್ಡು ನೋಡಿದರೆ ಸಾಕು, ಅವರ ವ್ಯಾಪಾರ ಹೇಗೆ ನಡೆಯುತ್ತಿದೆ, ಯಾವ ತಿಂಗಳು ಕಷ್ಟ, ಯಾವ ತಿಂಗಳು ಸುಗ್ಗಿ ಎಂಬುದೆಲ್ಲ ತಿಳಿಯುತ್ತದೆ. ಆಸ್ತಿಪತ್ರವಿಲ್ಲದವರಿಗೆ ಅದೇ ಆಸ್ತಿಪತ್ರ. ಈಗಲೂ ಸಹಕಾರಿ ಸಂಘಗಳಲ್ಲಿ ಪಿಗ್ಮಿ ಕಟ್ಟುವ ಅಂಗಡಿಯವರಿಗೆ ಸಾಲ ಸಲೀಸಾಗಿ ಸಿಗುವುದು, ಆ ಸಾಲದ ಕಂತು ಪಿಗ್ಮಿಯ ಜೊತೆಗೇ ದಿನದ ಲೆಕ್ಕದಲ್ಲಿ ತೀರುವುದು ಇದೇ ಕಾರಣಕ್ಕೆ.

ಮತ್ತೊಂದು ವಿಷಯ ಅಷ್ಟಾಗಿ ಯಾರೂ ಹೇಳುವುದಿಲ್ಲ. ದೊಡ್ಡ ಠೇವಣಿದಾರರು ಹತ್ತು ಜನ ಇರುವ ಬ್ಯಾಂಕು ಅವರಲ್ಲಿ ಇಬ್ಬರು ಹೆದರಿದರೆ ಅಲ್ಲಾಡುತ್ತದೆ. 1938ರಲ್ಲಿ ಟ್ರಾವಂಕೂರ್ ನ್ಯಾಷನಲ್ ಅಂಡ್ ಕ್ವಿಲಾನ್ ಬ್ಯಾಂಕ್ ಮುಳುಗಿದಾಗ ಇಡೀ ದಕ್ಷಿಣ ಭಾರತ ಹೆದರಿತ್ತು. 1960ರಲ್ಲಿ ಪಾಲಾಯಿ ಸೆಂಟ್ರಲ್ ಬ್ಯಾಂಕ್ ಬಿದ್ದ ಮೇಲೆಯೇ ನಮ್ಮ ದೇಶದಲ್ಲಿ ಠೇವಣಿ ವಿಮೆ ಎಂಬುದು ಬಂದದ್ದು, 1962ರಲ್ಲಿ. ಅಂಥ ದಶಕಗಳಲ್ಲಿ ಸಾವಿರಾರು ಮನೆಗಳ ಚಿಲ್ಲರೆ ಹಣ, ಅದೂ ಪ್ರತಿದಿನ ಬರುವ ಹಣ, ಒಂದು ಬ್ಯಾಂಕಿಗೆ ಎಂಥ ಬಲ ಎಂದು ಊಹಿಸಿಕೊಳ್ಳಬಹುದು. ಬಡವರಿಗೆ ಉಪಕಾರ ಮಾಡಲು ಹೊರಟ ಬ್ಯಾಂಕು ಬಡವರ ಆಸರೆಯಲ್ಲಿ ನಿಂತಿತು.

ನಾಯಕತ್ವದ ವಿಷಯಕ್ಕೆ ಬಂದರೆ, ಮೊದಲ ತಲೆಮಾರು ಕಟ್ಟಿದ್ದನ್ನು ಎರಡನೆಯದು ಕಾಯುತ್ತದೆ, ಮೂರನೆಯದು ಕಳೆಯುತ್ತದೆ ಎಂದು ಮನೆತನದ ವ್ಯವಹಾರಗಳ ಬಗ್ಗೆ ಜನ ಆಡಿಕೊಳ್ಳುವುದುಂಟು. ಇಲ್ಲಿ ಎರಡನೆಯ ತಲೆಮಾರು ಕಾಯುತ್ತ ಕೂರಲಿಲ್ಲ. ಉಪೇಂದ್ರ ಪೈಗಳ ಮಗ ಟಿ.ಎ. ಪೈ ಬ್ಯಾಂಕನ್ನು ರೈತರ ಹೊಲಕ್ಕೆ ಒಯ್ದರು. ವಾಣಿಜ್ಯ ಬ್ಯಾಂಕುಗಳು ಕೃಷಿ ಸಾಲ ಎಂದರೆ ದೂರ ಸರಿಯುತ್ತಿದ್ದ ಕಾಲ ಅದು. 1962ರಲ್ಲಿ ಬೆಂಗಳೂರಿನ ಶೇಷಾದ್ರಿಪುರದಲ್ಲಿ ಮ್ಯಾನೇಜರಿನಿಂದ ಹಿಡಿದು ಎಲ್ಲರೂ ಹೆಂಗಸರೇ ಇರುವ ಶಾಖೆಯನ್ನು ಸಿಂಡಿಕೇಟ್ ತೆರೆಯಿತು. 1965ರಲ್ಲಿ ಭಾರತ ಆಹಾರ ನಿಗಮ ಸ್ಥಾಪನೆಯಾದಾಗ ಅದರ ಮೊದಲ ಅಧ್ಯಕ್ಷರಾಗಿ ಕೇಂದ್ರ ಸರ್ಕಾರ ಕರೆದದ್ದು ಇದೇ ಟಿ.ಎ. ಪೈಗಳನ್ನು. ಮುಂದೆ ಅವರು ಜೀವ ವಿಮಾ ನಿಗಮದ ಅಧ್ಯಕ್ಷರಾದರು, ಕೇಂದ್ರದಲ್ಲಿ ರೈಲ್ವೆ ಸಚಿವರೂ ಆದರು. 1975ರ ಅಕ್ಟೋಬರ್ 2ರಂದು ದೇಶದ ಮೊತ್ತಮೊದಲ ಗ್ರಾಮೀಣ ಬ್ಯಾಂಕು, ಪ್ರಥಮ ಬ್ಯಾಂಕ್, ಶುರುವಾದದ್ದು ಉತ್ತರ ಪ್ರದೇಶದ ಮೊರಾದಾಬಾದಿನಲ್ಲಿ. ಅದರ ಪ್ರಾಯೋಜಕ ಬ್ಯಾಂಕು ಯಾವುದು? ಸಿಂಡಿಕೇಟ್. ಉಡುಪಿಯ ಎರಡಾಣೆ ಅಷ್ಟು ದೂರ ನಡೆದಿತ್ತು.

ಇತ್ತ ಚಿಕ್ಕಪ್ಪ ಟಿ.ಎಂ.ಎ. ಪೈಗಳು ಮಣಿಪಾಲದ ಬೋಳುಗುಡ್ಡ ಹತ್ತಿದ್ದರು. 1942ರಲ್ಲಿ ಅಕಾಡೆಮಿ ಆಫ್ ಜನರಲ್ ಎಜುಕೇಷನ್, 1949ರಲ್ಲಿ ಎಂ.ಜಿ.ಎಂ. ಕಾಲೇಜು, 1953ರಲ್ಲಿ ಕಸ್ತೂರ್ಬಾ ವೈದ್ಯಕೀಯ ಕಾಲೇಜು. ವೈದ್ಯಕೀಯ ಕಾಲೇಜನ್ನು ಸರ್ಕಾರವೇ ನಡೆಸಬೇಕು ಎಂದು ಎಲ್ಲರೂ ತಿಳಿದಿದ್ದಾಗ, ಕಲಿಯುವವರು ಕೊಡುವ ಹಣದಲ್ಲಿ ಅದನ್ನು ನಡೆಸಬಹುದು ಎಂದು ಅವರು ತೋರಿಸಿದರು. ಈ ದಾರಿಯ ಬಗ್ಗೆ ನನಗೆ ಬ್ಯಾಂಕಿನ ವಿಷಯದಲ್ಲಿರುವಷ್ಟು ಸಮಾಧಾನವಿಲ್ಲ. ಇದೇ ಮಾದರಿ ಮುಂದೆ ಕ್ಯಾಪಿಟೇಶನ್ ಶುಲ್ಕದ ದಂಧೆಯಾಗಿ ದೇಶದ ತುಂಬ ಹಬ್ಬಿತು. ಕಾಸಿದ್ದವರಿಗೆ ಸೀಟು ಎಂಬಲ್ಲಿಗೆ ಮುಟ್ಟಿತು. 2002ರಲ್ಲಿ ಸುಪ್ರೀಂ ಕೋರ್ಟಿನ 11 ನ್ಯಾಯಮೂರ್ತಿಗಳ ಪೀಠ ಖಾಸಗಿ ಶಿಕ್ಷಣ ಸಂಸ್ಥೆಗಳ ಹಕ್ಕಿನ ಬಗ್ಗೆ ಕೊಟ್ಟ ತೀರ್ಪು ಟಿ.ಎಂ.ಎ. ಪೈ ಫೌಂಡೇಷನ್ ಪ್ರಕರಣ ಎಂದೇ ಕಾನೂನು ಓದುವವರಿಗೆಲ್ಲ ಪರಿಚಿತ. ಎರಡಾಣೆಯವರ ಮನೆಗೆ ಬ್ಯಾಂಕು ನಡೆದು ಹೋಗಿತ್ತು. ಎರಡಾಣೆಯವರ ಮಕ್ಕಳು ವೈದ್ಯಕೀಯ ಕಾಲೇಜಿಗೆ ಅಷ್ಟೇ ಸುಲಭವಾಗಿ ನಡೆದು ಹೋಗಲು ಆಗಲಿಲ್ಲ. ಆದರೂ ಆ ಗುಡ್ಡದ ಆಸ್ಪತ್ರೆಯಲ್ಲಿ ಮಲೆನಾಡಿನಿಂದ, ಉತ್ತರ ಕನ್ನಡದಿಂದ, ಕಾಸರಗೋಡಿನಿಂದ ಬಂದು ಗುಣವಾಗಿ ಹೋದವರ ಸಂಖ್ಯೆಯನ್ನು ನೆನೆದರೆ ಈ ಮಾತನ್ನು ಕಟುವಾಗಿ ಹೇಳಲೂ ಮನಸ್ಸು ಬರುವುದಿಲ್ಲ.

ನನ್ನ ನಿಜವಾದ ತಕರಾರು ಬೇರೆ ಇದೆ. ಈ ವ್ಯವಸ್ಥೆಯಲ್ಲಿ ಬಾಗಿಲಿಗೆ ಬಂದವರು ಯಾರು? ಪಿಗ್ಮಿಯವರು. ಊರಿನ ಮನೆಗಳಿಗೆ ಬ್ಯಾಂಕು ಎಂದರೆ ಅವರ ಮುಖ. ಬ್ಯಾಂಕಿನ ಮೇಲಿನ ನಂಬಿಕೆ ಅವರ ಮೇಲಿನ ನಂಬಿಕೆಯೇ. ಮಳೆಗಾಲದಲ್ಲಿ ಕೊಡೆ ಹಿಡಿದು ಗದ್ದೆಯ ಅಂಚಿನಲ್ಲಿ ನಡೆದು ಬಂದವರು, ಯಾರ ಮನೆಯಲ್ಲಿ ಸಾವಾಗಿದೆ, ಯಾರ ಮನೆಯಲ್ಲಿ ಈ ವಾರ ಕೇಳಬಾರದು ಎಂದು ಅರಿತವರು. ಆದರೆ ಬ್ಯಾಂಕಿನ ಪುಸ್ತಕದಲ್ಲಿ ಅವರು ಬ್ಯಾಂಕಿನವರಲ್ಲ. ಸಂಬಳವಿಲ್ಲ, ಪಿಂಚಣಿಯಿಲ್ಲ, ರಜೆಯಿಲ್ಲ. ಜ್ವರ ಬಂದ ದಿನ ಆದಾಯವೂ ಇಲ್ಲ.

ತಾವು ಬ್ಯಾಂಕಿನವರು ಹೌದೋ ಅಲ್ಲವೋ ಎಂಬ ಪ್ರಶ್ನೆಯನ್ನು ಹಿಡಿದು ಪಿಗ್ಮಿ ಸಂಗ್ರಾಹಕರು ದಶಕಗಳ ಕಾಲ ಹೋರಾಡಿದರು. ಕೈಗಾರಿಕಾ ನ್ಯಾಯಮಂಡಳಿ, ಹೈಕೋರ್ಟು ದಾಟಿ ವಿಷಯ ಸುಪ್ರೀಂ ಕೋರ್ಟಿಗೆ ಹೋಗಿ 2001ರಲ್ಲಿ ತೀರ್ಮಾನವಾಯಿತು. ಅವರು ಸ್ವತಂತ್ರ ಗುತ್ತಿಗೆದಾರರು ಎಂಬ ಬ್ಯಾಂಕುಗಳ ವಾದವನ್ನು ನ್ಯಾಯಾಲಯ ಒಪ್ಪಲಿಲ್ಲ. ಅವರು ಕಾನೂನಿನ ಅರ್ಥದಲ್ಲಿ ಕಾರ್ಮಿಕರು, ಕಮಿಷನ್ ಎಂಬುದು ಅವರ ವೇತನವೇ ಎಂದಿತು. ತಿಂಗಳಿಗೆ 750 ರೂಪಾಯಿಯ ಕನಿಷ್ಠ ಖಾತರಿ ವೇತನವನ್ನು ಎತ್ತಿಹಿಡಿಯಿತು. ಆದರೆ ಕಾಯಂ ನೌಕರರನ್ನಾಗಿ ತೆಗೆದುಕೊಳ್ಳಬೇಕೆಂಬ ಬೇಡಿಕೆಗೆ ಒಪ್ಪಿಗೆ ಸಿಗಲಿಲ್ಲ. ಗೆದ್ದಂತೆಯೂ ಆಯಿತು, ಸೋತಂತೆಯೂ ಆಯಿತು. ಅಷ್ಟರಲ್ಲಿ ಹಲವು ಬ್ಯಾಂಕುಗಳು ಹೊಸ ಸಂಗ್ರಾಹಕರನ್ನು ತೆಗೆದುಕೊಳ್ಳುವುದನ್ನೇ ಕಡಿಮೆ ಮಾಡಿದ್ದವು. ಕೆಲಸ ಸಹಕಾರಿ ಸಂಘಗಳ ಕಡೆಗೆ ಸರಿಯಿತು. ಈಗ ಸಂಜೆ ನಮಗೆ ಸಿಗುವ ಪಿಗ್ಮಿಯವರಲ್ಲಿ ಹೆಚ್ಚಿನವರು ಸಂಘಗಳವರು, ಸೌಹಾರ್ದಗಳವರು. ಕಾರ್ಡಿನ ಬದಲು ಅವರ ಕೈಯಲ್ಲಿ ಸಣ್ಣ ಯಂತ್ರವಿದೆ; ಹಣ ಕೊಟ್ಟೊಡನೆ ಚೀಟಿ ಬರುತ್ತದೆ, ಮೊಬೈಲಿಗೆ ಸಂದೇಶ ಬರುತ್ತದೆ. ಕಮಿಷನ್ನಿನ ಬದುಕು ಮಾತ್ರ ಹಾಗೇ ಇದೆ.

ಉದ್ಯಮಿಯ ಕಣ್ಣು ಗ್ರಾಹಕರನ್ನು ಎಷ್ಟು ಚೆನ್ನಾಗಿ ನೋಡಿತೋ, ಕೆಲಸ ಮಾಡಿಸಿಕೊಂಡವರನ್ನು ಅಷ್ಟು ಚೆನ್ನಾಗಿ ನೋಡಲಿಲ್ಲ. ಇದನ್ನು ಆ ಮೂವರು ಸ್ಥಾಪಕರ ಮೇಲೆ ಹೊರಿಸುವುದು ನ್ಯಾಯವಲ್ಲ. 1928ರಲ್ಲಿ ಕಮಿಷನ್ ಎಂಬುದು ಒಬ್ಬ ಓದಿದ ಬಡ ಹುಡುಗನಿಗೆ ಊರಲ್ಲೇ ಸಿಗುವ ಮಾನದ ಕೆಲಸವಾಗಿತ್ತು. ಆದರೆ ಬ್ಯಾಂಕು ಬೆಳೆದ ಮೇಲೆ, ರಾಷ್ಟ್ರೀಕರಣವಾಗಿ ಸರ್ಕಾರದ್ದಾದ ಮೇಲೂ, ಆ ಲೆಕ್ಕವನ್ನು ಯಾರೂ ಮರಳಿ ಬಿಡಿಸಿ ನೋಡಲಿಲ್ಲವಲ್ಲ ಎಂಬುದು ನನ್ನ ಸಂಕಟ. ಸಂಸ್ಥೆ ದೊಡ್ಡದಾಗುವಾಗ ಅದನ್ನು ದೊಡ್ಡದು ಮಾಡಿದವರ ಪಾಲು ಏನು ಎಂದು ಕೇಳುವುದು ಮುಂದಾಳುಗಳ ಕೆಲಸ. ಕೋರ್ಟು ಹೇಳಿದ ಮೇಲೆ ಕೇಳುವುದಲ್ಲ.

ಬದಲಾವಣೆ ಈ ಬ್ಯಾಂಕುಗಳಿಗೆ ಹೊಸದಾಗಿರಲಿಲ್ಲ. 1969ರ ಜುಲೈ 19ರಂದು 14 ಬ್ಯಾಂಕುಗಳು ರಾಷ್ಟ್ರೀಕರಣಗೊಂಡಾಗ ಅದರಲ್ಲಿ ಕೆನರಾ, ಸಿಂಡಿಕೇಟ್ ಎರಡೂ ಇದ್ದವು. 1980ರ ಏಪ್ರಿಲ್ 15ರಂದು ಮತ್ತೆ 6 ಬ್ಯಾಂಕುಗಳು ಸೇರಿದವು, ಅವುಗಳಲ್ಲಿ ಕಾರ್ಪೊರೇಷನ್ ಮತ್ತು ವಿಜಯಾ. 20ರಲ್ಲಿ 4 ಒಂದೇ ಜಿಲ್ಲೆಯಲ್ಲಿ ಹುಟ್ಟಿದವು. ಆಮೇಲೆ ವಿಲೀನ: 2019ರ ಏಪ್ರಿಲ್ 1ರಂದು ವಿಜಯಾ ಬ್ಯಾಂಕ್ ಬ್ಯಾಂಕ್ ಆಫ್ ಬರೋಡಾದೊಳಗೆ, 2020ರ ಏಪ್ರಿಲ್ 1ರಂದು ಸಿಂಡಿಕೇಟ್ ಕೆನರಾದೊಳಗೆ, ಕಾರ್ಪೊರೇಷನ್ ಯೂನಿಯನ್ ಬ್ಯಾಂಕಿನೊಳಗೆ. ದೇಶವೇ ಮನೆಯೊಳಗೆ ಕೂತಿದ್ದ ಲಾಕ್‌ಡೌನಿನ ದಿನಗಳಲ್ಲಿ ಉಡುಪಿಯ ಎರಡು ಬ್ಯಾಂಕುಗಳ ಫಲಕ ಇಳಿಯಿತು. ವಿದಾಯದ ಒಂದು ಸಭೆ ಸೇರುವುದಕ್ಕೂ ಆಗದ ಕಾಲ. ಕೆನರಾದ ಹೆಸರು ಉಳಿಯಿತು, ಖಾಸಗಿಯಾಗಿಯೇ ಮುಂದುವರಿದ ಕರ್ಣಾಟಕ ಬ್ಯಾಂಕ್ 2024ರಲ್ಲಿ ನೂರು ತುಂಬಿಸಿತು. ವಿಲೀನಕ್ಕೆ ಆರ್ಥಿಕ ಕಾರಣಗಳಿದ್ದವು. ಕೆಟ್ಟ ಸಾಲ ಬೆಳೆದಿತ್ತು, ದೊಡ್ಡ ಬ್ಯಾಂಕು ಬೇಕು ಎಂದು ಸರ್ಕಾರ ತೀರ್ಮಾನಿಸಿತ್ತು. ಆದರೆ ದೆಹಲಿಯ ಆ ತೀರ್ಮಾನದಲ್ಲಿ ಕರಾವಳಿಯ ಅನುಭವಕ್ಕೆ ಎಷ್ಟು ಬೆಲೆ ಸಿಕ್ಕಿತು ಎಂಬ ಪ್ರಶ್ನೆ ನನ್ನನ್ನು ಬಿಟ್ಟಿಲ್ಲ.

ಈ ನಡುವೆ ಪೇಟೆಯ ಅಂಗಡಿಯ ಗಲ್ಲಾಪೆಟ್ಟಿಗೆಯೇ ಬದಲಾಯಿತು. 2014ರಲ್ಲಿ ಜನಧನ ಬಂತು. ಈಗ ಅದರಲ್ಲಿ 56 ಕೋಟಿಗೂ ಹೆಚ್ಚು ಖಾತೆಗಳಿವೆ. 2016ರಲ್ಲಿ ಯುಪಿಐ ಬಂತು. 2025ರ ಆಗಸ್ಟಿನಲ್ಲಿ ಒಂದೇ ತಿಂಗಳಲ್ಲಿ 2,000 ಕೋಟಿ ವಹಿವಾಟು ದಾಟಿತು. ಮೀನು ಮಾರುವವರ ಬುಟ್ಟಿಯ ಪಕ್ಕದಲ್ಲೂ ಕ್ಯೂಆರ್ ಹಾಳೆ ಇದೆ. ಬ್ಯಾಂಕು ದೂರ ಎಂಬ ಹಳೆಯ ಅಡ್ಡಿ ನಿಜವಾಗಿಯೂ ಹೋಯಿತು. ಹಾಗಾದರೆ ಉಳಿತಾಯ ಹೆಚ್ಚಬೇಕಿತ್ತಲ್ಲವೇ? 2022–23ರಲ್ಲಿ ನಮ್ಮ ಕುಟುಂಬಗಳ ನಿವ್ವಳ ಹಣಕಾಸು ಉಳಿತಾಯ ದೇಶದ ಒಟ್ಟು ಉತ್ಪನ್ನದ ಶೇಕಡಾ 5ರ ಆಸುಪಾಸಿಗೆ ಇಳಿಯಿತು. ಸುಮಾರು ಐದು ದಶಕಗಳಲ್ಲೇ ಕನಿಷ್ಠ. ಉಳಿತಾಯ ಇಳಿದದ್ದಕ್ಕಿಂತ ಹೆಚ್ಚಾಗಿ ಸಾಲ ಏರಿದ್ದು ಅದಕ್ಕೆ ದೊಡ್ಡ ಕಾರಣ. ಹಣ ಖಾತೆಗೆ ಸುಲಭವಾಗಿ ಬರುತ್ತದೆ, ಅಷ್ಟೇ ಸುಲಭವಾಗಿ ಹೋಗುತ್ತದೆ. ದಿನಕ್ಕೊಮ್ಮೆ ಬಂದು "ಇವತ್ತು ಎಷ್ಟು ಕೊಡ್ತೀರಕ್ಕ?" ಎಂದು ಕೇಳುವವರು ಫೋನಿನೊಳಗೆ ಇಲ್ಲ.

ಇನ್ನೂ ನೋವಿನ ಸಂಗತಿ ಬೇರೆ. ಬಾಗಿಲಿಗೆ ಬರುವ ಪದ್ಧತಿ ಹೋಗಲಿಲ್ಲ, ಅದರ ದಿಕ್ಕು ಬದಲಾಯಿತು. ಹಿಂದೆ ಬಾಗಿಲಿಗೆ ಬಂದವರು ಉಳಿತಾಯ ತೆಗೆದುಕೊಂಡು ಹೋಗುತ್ತಿದ್ದರು. ಈಗ ಬರುವವರಲ್ಲಿ ಹೆಚ್ಚಿನವರು ಸಾಲದ ಕಂತಿಗೆ ಬರುವವರು. ವಾರಕ್ಕೊಮ್ಮೆ, ಗುಂಪು ಸೇರಿಸಿ, ಒಬ್ಬರು ಕಟ್ಟದಿದ್ದರೆ ಉಳಿದವರನ್ನೂ ಕೂರಿಸಿ. 2025ರ ಆರಂಭದಲ್ಲಿ ರಾಜ್ಯದ ಹಲವು ಜಿಲ್ಲೆಗಳಿಂದ ಊರು ಬಿಟ್ಟ ಕುಟುಂಬಗಳ, ಪ್ರಾಣ ಕಳೆದುಕೊಂಡವರ ಸುದ್ದಿ ಬಂದು, ಫೆಬ್ರವರಿಯಲ್ಲಿ ಸರ್ಕಾರ ಕಿರುಸಾಲ ವಸೂಲಿಯ ದೌರ್ಜನ್ಯ ತಡೆಯಲು ಸುಗ್ರೀವಾಜ್ಞೆ ತರಬೇಕಾಯಿತು. 10 ವರ್ಷದವರೆಗೆ ಜೈಲು, 5 ಲಕ್ಷದವರೆಗೆ ದಂಡ. ಸಾಲ ಕೊಟ್ಟ ಸಂಸ್ಥೆಗಳೆಲ್ಲ ಕೆಟ್ಟವು ಎಂದು ನಾನು ಹೇಳುವುದಿಲ್ಲ. ಬ್ಯಾಂಕು ಬಾಗಿಲು ಮುಚ್ಚಿದ ಕಡೆ ಇವರು ಹೋದದ್ದು ನಿಜ. ಆದರೆ ಪಿಗ್ಮಿಯಲ್ಲಿ ಮೊದಲು ಉಳಿತಾಯ, ಅದನ್ನು ನೋಡಿ ಸಾಲ. ಇಲ್ಲಿ ಮೊದಲೇ ಸಾಲ. ಮನೆಯವರ ಗಳಿಕೆಯ ಏರಿಳಿತ ತಿಳಿಯದೆ ಕೊಟ್ಟ ಸಾಲ, ಏರಿಳಿತಕ್ಕೆ ಬಗ್ಗದ ಕಂತು. ಅದೇ ಮನೆ, ಅದೇ ಬಾಗಿಲು, ಲೆಕ್ಕದ ಕ್ರಮ ತಿರುಗಿದ್ದರಿಂದ ಆಸರೆಯಾಗಿದ್ದದ್ದು ಕುಣಿಕೆಯಾಯಿತು.

ಹೊಸ ಉದ್ಯಮಿಗಳು ಇದನ್ನು ನೋಡಿಲ್ಲ ಎಂದಲ್ಲ. ದಿನಕ್ಕೆ ಹತ್ತು ರೂಪಾಯಿ ಉಳಿಸಿ ಎನ್ನುವ ಆ್ಯಪ್‌ಗಳು ಬೆಂಗಳೂರಿನಿಂದಲೇ ಬಂದಿವೆ. 2025ರ ಫೆಬ್ರವರಿಯಲ್ಲಿ ಎಸ್‌ಬಿಐ ಮ್ಯೂಚುವಲ್ ಫಂಡ್ 250 ರೂಪಾಯಿಯಿಂದ ಶುರುವಾಗುವ ಎಸ್‌ಐಪಿ ತಂದಿತು. ಅದನ್ನು ದಿನದ ಲೆಕ್ಕದಲ್ಲೂ ಕಟ್ಟಬಹುದು. ಪಿಗ್ಮಿಯ ಮೂಲ ತತ್ವ ಮತ್ತೆ ಚಿಗುರುತ್ತಿರುವುದು ಸಂತೋಷವೇ. ಆದರೆ ಎಚ್ಚರವೂ ಬೇಕು. ಇಂಥ ಕೆಲವು ಆ್ಯಪ್‌ಗಳು ಮಾರುವ ಡಿಜಿಟಲ್ ಚಿನ್ನ ತನ್ನ ನಿಯಂತ್ರಣದಲ್ಲಿಲ್ಲ ಎಂದು ಸೆಬಿ 2025ರ ನವೆಂಬರಿನಲ್ಲಿ ಸಾರ್ವಜನಿಕರಿಗೆ ತಿಳಿಸಿತು. ಪಿಗ್ಮಿಯ ವಿಷಯದಲ್ಲೂ ಓದುಗರು ಒಂದು ಪ್ರಶ್ನೆ ಕೇಳಿಕೊಳ್ಳಬೇಕು: ನಾನು ಕಟ್ಟುತ್ತಿರುವುದು ಬ್ಯಾಂಕಿಗೋ ಸಂಘಕ್ಕೋ? ವಾಣಿಜ್ಯ ಬ್ಯಾಂಕು ಮತ್ತು ಸಹಕಾರಿ ಬ್ಯಾಂಕಿನಲ್ಲಿಟ್ಟ ಠೇವಣಿಗೆ 5 ಲಕ್ಷ ರೂಪಾಯಿವರೆಗೆ ವಿಮೆ ಇದೆ, 2020ರಲ್ಲಿ 1 ಲಕ್ಷದಿಂದ ಏರಿಸಿದ್ದು. ಪತ್ತಿನ ಸಹಕಾರಿ ಸಂಘಗಳಿಗೆ ಈ ವಿಮೆ ಅನ್ವಯಿಸುವುದಿಲ್ಲ. ಒಳ್ಳೆಯ ಸಂಘಗಳು ನೂರಾರು ಇವೆ, ಅವುಗಳಿಂದಲೇ ಎಷ್ಟೋ ಊರು ನಡೆಯುತ್ತಿದೆ. ಆದರೂ ಸಂಘ ಮುಳುಗಿದರೆ ಎರಡಾಣೆಯವರ ಪಾಲಿಗೆ ಯಾರೂ ಇಲ್ಲ. ಪಾಲಾಯಿ ಬ್ಯಾಂಕು ಬಿದ್ದ ಎರಡು ವರ್ಷದೊಳಗೆ ದೇಶಕ್ಕೆ ಠೇವಣಿ ವಿಮೆ ಬಂತು. ಸಂಘಗಳು ಬೀಳುತ್ತಲೇ ಇವೆ, ಅವುಗಳ ಸದಸ್ಯರಿಗೆ ಅಂಥದ್ದೊಂದು ಇನ್ನೂ ಬರಬೇಕಿದೆ. ರಾಜ್ಯದ ಸಹಕಾರಿ ಧುರೀಣರು ತಾವೇ ಒಂದು ನಿಧಿ ಕಟ್ಟಿಕೊಳ್ಳಲು ಯಾರ ಅಪ್ಪಣೆಗೂ ಕಾಯಬೇಕಿಲ್ಲ ಎಂಬುದು ನನ್ನ ಅಭಿಪ್ರಾಯ.

ಸಂಗ್ರಾಹಕರ ಪ್ರಶ್ನೆಗೂ ಇಂಥದ್ದೇ ಒಂದು ದಾರಿ ಈಗ ಕಣ್ಣೆದುರಿಗಿದೆ. ಆ್ಯಪ್‌ಗಳ ಮೂಲಕ ಊಟ ತಲುಪಿಸುವವರು, ಕಾರು ಓಡಿಸುವವರಿಗಾಗಿ ಕರ್ನಾಟಕ 2025ರಲ್ಲಿ ಗಿಗ್ ಕಾರ್ಮಿಕರ ಕಾನೂನು ಮಾಡಿತು. ಪ್ರತಿ ವಹಿವಾಟಿನಲ್ಲಿ ಕಾರ್ಮಿಕರಿಗೆ ಸಲ್ಲುವ ಮೊತ್ತದ ಮೇಲೆ ಶೇಕಡಾ 1ರಿಂದ 5ರವರೆಗೆ ಕಂಪನಿಯಿಂದ ಶುಲ್ಕ ಪಡೆದು ಅದನ್ನು ಅವರ ಕ್ಷೇಮನಿಧಿಗೆ ಹಾಕುವ ಏರ್ಪಾಡು ಅದರಲ್ಲಿದೆ. ಪಿಗ್ಮಿ ಸಂಗ್ರಾಹಕರ ಕೈಯಲ್ಲಿರುವ ಯಂತ್ರ ಪ್ರತಿ ರೂಪಾಯಿಯ ಲೆಕ್ಕವನ್ನೂ ಅದಾಗಲೇ ಇಡುತ್ತಿದೆ. ಅವರ ಕಮಿಷನ್ನಿಗೂ ಇದೇ ಸೂತ್ರ ಹಚ್ಚಿ, ನೇಮಿಸಿಕೊಂಡ ಬ್ಯಾಂಕು ಅಥವಾ ಸಂಘ ತನ್ನ ಪಾಲಿನಿಂದ ನಿಧಿಗೆ ಕಟ್ಟುವಂತೆ ಮಾಡಿದರೆ, ವಯಸ್ಸಾದ ಮೇಲೆ ಒಂದು ಪಿಂಚಣಿ, ಕಾಯಿಲೆಗೆ ಒಂದು ವಿಮೆ ಹುಟ್ಟುತ್ತದೆ. ಹೊರೆ ದೊಡ್ಡದಲ್ಲ. 1,000 ರೂಪಾಯಿ ಕಮಿಷನ್ನಿಗೆ ಶೇಕಡಾ 5ರ ದರದಲ್ಲೂ 50 ರೂಪಾಯಿ. ಮೊದಲ ಹೆಜ್ಜೆ ಇಡಬೇಕಾದವರು ಉಡುಪಿ, ಮಂಗಳೂರಿನ ಸಂಘಗಳವರು, ಏಕೆಂದರೆ ಈ ಕಸುಬು ಹುಟ್ಟಿದ್ದು ಅಲ್ಲಿ.